ಕೀಬೋರ್ಡು, ಮೌಸು ನಾವೇ ಹೊಸದಾಗಿ ಮಾಡೋದಾದ್ರ ಏನು ಇಟ್ಕೋಬೇಕು, ಏನು ತೆಗೀಬೇಕು?

ಗಂಗಾವತಿ ಕೀಲಿ
ನಮಸ್ಕಾರ್ರೀ ಎಲ್ಲರಿಗೂ. ರೈಸ್ ಮಿಲ್ಲಿನ ವೇಬ್ರಿಡ್ಜ್, ಎಪಿಎಂಸಿ ದಲಾಲಿ ಅಂಗಡಿ, ಪಂಚಾಯ್ತಿ ಆಫೀಸು, ಡಿಟಿಪಿ ಸೆಂಟರ್, ಎಲ್ಲಿ ನೋಡಿದ್ರೂ ಅದೇ 104 ಕೀಲಿಯ ಕೀಬೋರ್ಡು. ಉದ್ದ ಹೆಚ್ಚೂಕಮ್ಮಿ 44 ಸೆಂಟಿಮೀಟರ್. ಬಲಕ್ಕ ನಂಬರ್ ಪ್ಯಾಡ್ ಇರೋದರಿಂದ ಮೌಸು ದೂರ ಹೋಗ್ತೈತಿ, ಭುಜ ಹೊರಗ ಚಾಚಿಕೊಂಡೇ ಕೆಲಸ ಮಾಡಬೇಕು. ಎಡ ಕಿರುಬೆರಳಿನ ಪಕ್ಕದ ಒಳ್ಳೆ ಜಾಗದಾಗ ಅಪರೂಪಕ್ಕ ಬಳಸೋ ಕ್ಯಾಪ್ಸ್ ಲಾಕ್. ಎಲ್ಲಕ್ಕಿಂತ ಗಟ್ಟಿ ಬೆರಳು ಅಂದ್ರ ಹೆಬ್ಬೆರಳು, ಅವೆರಡೂ ಕೂಡಿ ಒಂದೇ ಸ್ಪೇಸ್ ಬಾರ್ ಒತ್ತೋದು.

ನನ್ನ ವಿಚಾರ ಇಷ್ಟು. ನಾಲ್ಕೈದು ಕೀಬೋರ್ಡು ನಾವೇ ಕಟ್ಟಿ ಒಂದು ಮಿಲ್ಲು, ಒಂದು ಡಿಟಿಪಿ ಸೆಂಟರಿನಾಗ ಇಟ್ಟು ನೋಡೋಣ. ಕೀಲಿ 60ರ ಆಸುಪಾಸು. ಸಾಲುಗಳು ಓರೆ ಇರಬಾರದು, ನೇರ ಕಂಬ. ನಂಬರ್ ಪ್ಯಾಡ್ ಬೇರೆ ತುಂಡು. ಒತ್ತಕ್ಷರ ಕೊಡೋ ಕೀಲಿ ಹೆಬ್ಬೆರಳಿಗೆ. ಒಂದಕ್ಕ ಖರ್ಚು 4000 ದಾಟಬಾರದು. ಎಲ್ಲಿ ತಪ್ಪೈತಿ, ಏನು ಸೇರಿಸಬೇಕು, ಬಿಚ್ಚಿ ಹೇಳ್ರಿ.

ಕೌಲ್ ಬಜಾರ್
ಒಳ್ಳೆ ವಿಷಯ ಎತ್ತಿದ್ರಿ ಅಣ್ಣ. ಕ್ವರ್ಟಿ, ಅಂದ್ರೆ ಈಗಿನ ಕೀಬೋರ್ಡಿನ ಇಂಗ್ಲಿಷ್ ಅಕ್ಷರ ಕ್ರಮ, ಅನ್ನೋದೇ ಟೈಪಿಂಗ್ ನಿಧಾನ ಆಗ್ಲಿ ಅಂತ ಮಾಡಿದ್ದು. ಅದನ್ನ ಕಿತ್ತು ಡ್ವೊರಾಕ್ ಅನ್ನೋ ಬೇರೆ ಕ್ರಮ ಹಾಕಿದ್ರೆ ಅರ್ಧ ಕೆಲಸ ಮುಗೀತು.

ಹಳೆ ರೆಮಿಂಗ್ಟನ್
ನಿಧಾನ ಮಾಡಲಿಕ್ಕೆ ಅಂತ ಮಾಡಿದ್ರು ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ ಸರ್. ಷೋಲ್ಸ್ ಮತ್ತು ಜೊತೆಗಾರರು ಟೈಪ್‌ರೈಟರಿಗೆ ಪೇಟೆಂಟ್ ಪಡೆದದ್ದು 1868ರಲ್ಲಿ, ರೆಮಿಂಗ್ಟನ್ ಯಂತ್ರ ಮಾರಾಟಕ್ಕೆ ಬಂದದ್ದು 1874ರಲ್ಲಿ, ಶಿಫ್ಟ್ ಕೀ ಬಂದದ್ದು 1878ರ ರೆಮಿಂಗ್ಟನ್ ನಂಬರ್ 2ರಲ್ಲಿ. ಅಷ್ಟರೊಳಗೆ ಅಕ್ಷರಗಳ ಜಾಗ ಹಲವು ಸಲ ಬದಲಾಯಿತು. ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳೋದು ಒಂದು ಕಾರಣ ಅಂತಾರೆ, ತಂತಿ ಆಪರೇಟರ್‌ಗಳ ಬಳಕೆ ಇನ್ನೊಂದು ಅಂತಾರೆ. ಡ್ವೊರಾಕ್ ಪೇಟೆಂಟ್ 1936ರದು. ಅದು ಬಲು ವೇಗ ಅಂತ ಹೇಳೋ 1944ರ ಅಮೆರಿಕ ನೌಕಾಪಡೆಯ ಪರೀಕ್ಷೆಯಲ್ಲಿ ಡ್ವೊರಾಕ್ ಅವರದೇ ಕೈ ಇತ್ತು. 1956ರಲ್ಲಿ ಅಲ್ಲಿನ ಸರ್ಕಾರ ಮಾಡಿಸಿದ ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ.

ಅದಕ್ಕಿಂತ ದೊಡ್ಡ ಮಾತು ಇದು. ಡ್ವೊರಾಕ್ ಲೆಕ್ಕ ಹಾಕಿದ್ದು ಇಂಗ್ಲಿಷ್ ಅಕ್ಷರಗಳನ್ನ. ನುಡಿ ತಂತ್ರಾಂಶದಲ್ಲಿ ಬಳಸೋ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸದಲ್ಲಿ ಒತ್ತು ಕೊಡೋದು ಎಫ್ ಕೀ. ಕ್ವರ್ಟಿಯಲ್ಲಿ ಅದು ಎಡ ತೋರುಬೆರಳಿನ ಕೆಳಗೇ ಇದೆ. ಡ್ವೊರಾಕ್ ಮಾಡಿದರೆ ಅದೇ ಎಫ್ ಈಗಿನ ವೈ ಇರೋ ಜಾಗಕ್ಕೆ, ಮೇಲಿನ ಸಾಲಿಗೆ ಹೋಗುತ್ತೆ. ಪ್ರತಿ ಒತ್ತಕ್ಷರಕ್ಕೂ ಬಲ ತೋರುಬೆರಳು ಓರೆಯಾಗಿ ಹಿಗ್ಗಬೇಕು. ಕನ್ನಡ ಟೈಪ್ ಮಾಡೋರಿಗೆ ಅದು ನಷ್ಟವೇ.

ಕೌಲ್ ಬಜಾರ್
ಹಂಗಾರೆ ಸಾಲು ಓರೆ ಯಾಕೆ ಇದಾವೆ? ಅದಕ್ಕಾದ್ರೂ ಕಾರಣ ಇರ್ಬೇಕಲ್ಲ.

ಹಳೆ ರೆಮಿಂಗ್ಟನ್
ಇದೆ. ಪ್ರತಿ ಕೀಲಿಯ ಕೆಳಗೆ ಒಂದು ಉದ್ದ ಸನ್ನೆ ಪಟ್ಟಿ ಹಿಂದಕ್ಕೆ ಹೋಗುತ್ತಿತ್ತು. ನಾಲ್ಕು ಸಾಲಿನ ಪಟ್ಟಿಗಳು ಒಂದರ ಮೇಲೊಂದು ಬೀಳದೆ ಅಕ್ಕಪಕ್ಕ ಹಾಯಬೇಕಾದರೆ ಸಾಲುಗಳನ್ನ ಸರಿಸಲೇಬೇಕು. ಈಗಿನ ಕೀಬೋರ್ಡಿನಲ್ಲಿ ಪಟ್ಟಿಯೇ ಇಲ್ಲ, ಓರೆ ಮಾತ್ರ ಉಳಿದಿದೆ. ಕೀಲಿಯಿಂದ ಕೀಲಿಗೆ 19.05 ಮಿ.ಮೀ. ಅದರ ಕಾಲುಭಾಗ ಕ್ಯೂ ಸಾಲಿಗೂ ಎ ಸಾಲಿಗೂ ನಡುವೆ, ಅರ್ಧಭಾಗ ಎ ಸಾಲಿಗೂ ಜೆಡ್ ಸಾಲಿಗೂ ನಡುವೆ. ಓರೆ ಎರಡೂ ಕೈಗೆ ಒಂದೇ ದಿಕ್ಕಿಗೆ ಇರೋದರಿಂದ ಬಲಗೈಗೆ ಹೊಂದುತ್ತೆ, ಎಡಗೈ ಕೆಳಸಾಲಿಗೆ ಹೋಗುವಾಗ ಮಣಿಕಟ್ಟು ಹೊರಕ್ಕೆ ತಿರುಗುತ್ತೆ.

ಕುಷ್ಟಗಿ ಕೋಡ್
ಮೂಲ ಪ್ರಶ್ನೆಗೆ ಬರ್ತೀನ್ರಿ. ಒತ್ತಿನ ಕೀಲಿ ಹೆಬ್ಬೆರಳಿಗೆ ಅನ್ನೋದನ್ನ ನಾನು ಒಪ್ಪೋದಿಲ್ಲ. ಕಗಪದಾಗ ಅದು ಎಫ್, ಭಾರತದ ಎಲ್ಲಾ ಲಿಪಿಗೂ ಒಂದೇ ಕ್ರಮ ಇಡೋ ಇನ್‌ಸ್ಕ್ರಿಪ್ಟಿನಾಗ ಡಿ. ಎರಡೂ ನಡುಸಾಲಿನಾಗೇ ಅದಾವ, ಬೆರಳು ಅಲ್ಲೇ ಕೂತಿರ್ತೈತಿ. ಅದನ್ನ ಸರಿಸಿ ಸಿಗೋದು ಏನೂ ಇಲ್ಲ.

ತೊಂದರೆ ಇರೋದು ಶಿಫ್ಟಿನಾಗ. ಕಗಪದಾಗ ದೀರ್ಘ ಸ್ವರ ಎಲ್ಲಾ ಶಿಫ್ಟ್. ಮಹಾಪ್ರಾಣ ಎಲ್ಲಾ ಶಿಫ್ಟ್. ಣ, ಳ, ಶ ಶಿಫ್ಟ್. ಸೊನ್ನೆ ಸೈತ ಶಿಫ್ಟ್ ಹಿಡಿದು ಎಮ್. ನಮ್ಮ ಊರ ಹೆಸರೇ ತಗೊಳ್ರಿ. ಸಿಂಧನೂರು: ಎಂಟು ಒತ್ತು, ಅದರಾಗ ಸೊನ್ನೆ, ಧ, ಊ ಮೂರಕ್ಕೂ ಶಿಫ್ಟ್. ಬಳ್ಳಾರಿ: ಏಳು ಒತ್ತು, ಎರಡು ಳ, ಒಂದು ಆ, ಮತ್ತ ಮೂರು ಶಿಫ್ಟ್. ಗಂಗಾವತಿ: ಏಳರಾಗ ಎರಡು. ಇಂಗ್ಲಿಷಿನಾಗ ವಾಕ್ಯಕ್ಕ ಒಂದೆರಡು ಸಲ ಬರೋ ಶಿಫ್ಟು ಕನ್ನಡದಾಗ ಪದಕ್ಕ ಒಂದೆರಡು ಸಲ ಬರ್ತೈತಿ, ಅದನ್ನ ಹಿಡಿಯೋದು ಎಲ್ಲಕ್ಕಿಂತ ಸೊರಗಿದ ಕಿರುಬೆರಳು. ಮಣಿಕಟ್ಟಿನ ಹೊರಭಾಗದ ನೋವಿಗೆ ಅಲ್ಲೇ ಬುಡ ಐತಿ.

ಹಂಗಾಗಿ ಹೆಬ್ಬೆರಳಿಗೆ ಕೊಡಬೇಕಾಗಿದ್ದು ಶಿಫ್ಟ್. ಅದೂ ಹಿಡಿದಿಡೋ ಶಿಫ್ಟ್ ಅಲ್ಲ. ಒಂದು ಸಲ ತಟ್ಟಿದ್ರ ಮುಂದಿನ ಒಂದೇ ಅಕ್ಷರಕ್ಕ ಹತ್ತಬೇಕು, ಆಮೇಲೆ ತಾನೇ ಬಿಡಬೇಕು. ಕೀಬೋರ್ಡಿನ ಚಿಪ್ಪಿನೊಳಗ ಓಡೋ ಕ್ಯೂಎಂಕೆ ಫರ್ಮ್‌ವೇರಿನಾಗ ಇದಕ್ಕ ಒನ್ ಶಾಟ್ ಅಂತಾರ.

ಲಿಂಗಸೂಗೂರು ಟೈಪಿಸ್ಟ್
ಶಿಫ್ಟ್ ಬ್ಯಾಡ ಅಂದ್ರ ಇನ್‌ಸ್ಕ್ರಿಪ್ಟ್ ಕಲೀರಿ. ರಾಯಚೂರು ಅಂತ ಹೊಡೀರಿ: ಜೆ, ಇ, ಸ್ಲಾಷ್, ಸೆಮಿಕೋಲನ್, ಟಿ, ಜೆ, ಜಿ. ಏಳು ಒತ್ತು, ಶಿಫ್ಟ್ ಒಂದೂ ಇಲ್ಲ. ಗಂಗಾವತಿಗೂ ಇಲ್ಲ. ಸಿಂಧನೂರಿಗೆ ಧ ಒಂದಕ್ಕೇ. ಬಹಳಷ್ಟು ವ್ಯಂಜನ ಬಲಗೈಗೆ, ಸ್ವರ ಎಡಗೈಗೆ. ಒಂದು ಕೈ ಹೊಡಿಯುವಾಗ ಇನ್ನೊಂದು ಕೈ ತಯಾರಾಗಿರ್ತದ. 1991ರ ಐಎಸ್ 13194 ಮಾನಕದಾಗ ಸೇರ್ಯದ, ವಿಂಡೋಸ್, ಲಿನಕ್ಸ್ ಎರಡರಾಗೂ ಮೊದಲಿಂದ ಅದ, ಏನೂ ಇನ್‌ಸ್ಟಾಲ್ ಮಾಡೋದು ಬ್ಯಾಡ. ಒಂದು ಕಲಿತ್ರ ತೆಲುಗು, ಹಿಂದಿಗೂ ಅದೇ ಬೆರಳು. ರಾಯಚೂರು ಗಡಿಯಾಗ ಇರೋರಿಗೆ ಇದು ಸಣ್ಣ ಮಾತಲ್ಲ.

ಡಿಟಿಪಿ ಕೊಪ್ಪಳ
ಅಕ್ಕಾರ, ಇನ್‌ಸ್ಕ್ರಿಪ್ಟಿನಾಗ ಕೊಪ್ಪಳ ಅಂತ ಹೊಡೆದು ನೋಡ್ರಿ. ಕೊ ಬರಬೇಕಾದ್ರ ಒತ್ವ ಎಲ್ಲೈತಿ? ಒಂದರ ಎಡಕ್ಕ, ಮೂಲ್ಯಾಗ, ಎಸ್ಕೇಪಿನ ಕೆಳಗ. ಎತ್ವ ಜೆಡ್ ಮ್ಯಾಲೆ. ಎಲ್ಲಾ ಭಾಷೆಗೂ ಕೂಡಿ ಹಾಕಿದ ವಿನ್ಯಾಸ, ಹ್ರಸ್ವ ಎ ಒ ಬೇಕಾಗೋ ನಮ್ಮಂಥ ಭಾಷೆಗೆ ಉಳಿದ ಜಾಗ ಸಿಕ್ಕೈತಿ. ಕೊ, ಹೊ, ನೊ, ತೊ ಕನ್ನಡದಾಗ ಎಷ್ಟು ಬರ್ತಾವ ಯೋಚನೆ ಮಾಡ್ರಿ.

ಇನ್ನೊಂದು, ಸರ್ಕಾರಿ ಆಫೀಸಿನಾಗ ಇರೋದು ನುಡಿ. ಅದು ಕೆ.ಪಿ. ರಾವ್ ಅವರ ಧ್ವನಿ ಆಧಾರದ ವಿನ್ಯಾಸದ ಮ್ಯಾಲೆ ನಿಂತದ್ದು, ಸರ್ಕಾರ ಮಾನ್ಯ ಮಾಡಿದ್ದು. ಕೆಲಸಕ್ಕ ಪರೀಕ್ಷೆ ಬರೆಯೋ ಹುಡುಗರಿಗೆ ಬ್ಯಾರೆ ವಿನ್ಯಾಸ ಕಲಿಸಿದ್ರ ಅವರಿಗೆ ಪರೀಕ್ಷೆ ದಿನ ತ್ರಾಸು.

ಲಿಂಗಸೂಗೂರು ಟೈಪಿಸ್ಟ್
ಒತ್ವ ದೂರ ಅದ, ಒಪ್ಪಿದೆ. ಅದಕ್ಕೇ ಹೊಸ ಕೀಬೋರ್ಡು ಬೇಕಾಗಿರೋದು. ಆ ಒಂದು ಕೀಲಿ ತಂದು ಕ್ಯಾಪ್ಸ್ ಲಾಕ್ ಜಾಗದಾಗ ಇಡ್ರಿ, ಆಯ್ತು.

ಕುಷ್ಟಗಿ ಕೋಡ್
ಇದು ಸರಿಯಾದ ದಾರಿ. ಇಲ್ಲಿ ಒಂದು ವಿಷಯ ಎಲ್ಲರೂ ತಿಳ್ಕೋಬೇಕು. ಯುಎಸ್‌ಬಿ ಕೀಬೋರ್ಡು ಅಕ್ಷರ ಕಳಿಸೋದಿಲ್ಲ, ಕೀಲಿಯ ಸಂಖ್ಯೆ ಕಳಿಸ್ತೈತಿ. ಎ ಅಂದ್ರ 4, ಬಿ ಅಂದ್ರ 5, ಹಿಂಗ. ಅದನ್ನ ಅ ಮಾಡೋದೋ ಓ ಮಾತ್ರೆ ಮಾಡೋದೋ ಕಂಪ್ಯೂಟರಿನಾಗ ಇರೋ ವಿನ್ಯಾಸಕ್ಕ ಬಿಟ್ಟಿದ್ದು. ಹಂಗಾಗಿ ಕೀಬೋರ್ಡಿನ ಒಳಗಿಂದ ನೇರ ಕನ್ನಡ ಯುನಿಕೋಡ್ ಕಳಿಸೋ ಗೋಜಿಗೆ ಹೋಗಬ್ಯಾಡ್ರಿ. ಲಿನಕ್ಸಿಗೆ ಒಂದು ರೀತಿ, ವಿಂಡೋಸಿಗೆ ಬ್ಯಾರೆ ಸಾಫ್ಟ್‌ವೇರ್ ಬೇಕು, ಬಿಲ್ಲಿಂಗ್ ಪ್ರೋಗ್ರಾಮಿನಾಗ ಹತ್ತೋದೇ ಇಲ್ಲ. ಕಂಪ್ಯೂಟರಿನಾಗ ನುಡಿ ಇರ್ಲಿ, ಇನ್‌ಸ್ಕ್ರಿಪ್ಟ್ ಇರ್ಲಿ, ಇದ್ದಂಗ ಇರ್ಲಿ. ನಾವು ಬದಲಿಸೋದು ಕೀಲಿ ಕೂತ ಜಾಗ ಅಷ್ಟೇ. ಪರೀಕ್ಷೆಗೆ ಹೋಗೋ ಹುಡುಗನ ಬೆರಳಿನ ಅಭ್ಯಾಸ ಕೆಡೋದಿಲ್ಲ, ಶಿಫ್ಟ್ ಒಂದು ಹೆಬ್ಬೆರಳಿಗೆ ಹೆಚ್ಚಿಗೆ ಸಿಕ್ಕಂಗ ಆಗ್ತೈತಿ. ಹಳೆ ಶಿಫ್ಟೂ ಅದರ ಜಾಗದಾಗೇ ಬಿಡ್ರಿ.

ಹೊಸಪೇಟೆ ರಸ್ತೆ
ಒನ್ ಶಾಟ್ ಹೆಂಗಿರುತ್ತೆ ಅಂತ ನೋಡೋಕೆ ದುಡ್ಡು ಬೇಕಿಲ್ಲ. ವಿಂಡೋಸಿನಲ್ಲಿ ಶಿಫ್ಟ್ ಐದು ಸಲ ಪಟಪಟ ಒತ್ತಿ, ಸ್ಟಿಕಿ ಕೀಸ್ ಕೇಳುತ್ತೆ, ಹೌದು ಅನ್ನಿ. ಸೆಟ್ಟಿಂಗ್ಸಲ್ಲಿ ಎರಡು ಟಿಕ್ ತೆಗೀಬೇಕು: ಎರಡು ಸಲ ಒತ್ತಿದರೆ ಲಾಕ್ ಆಗೋದು ಒಂದು, ಎರಡು ಕೀ ಒಟ್ಟಿಗೆ ಒತ್ತಿದರೆ ಸ್ಟಿಕಿ ಆಫ್ ಆಗೋದು ಇನ್ನೊಂದು. ಎರಡನೇದು ತೆಗೀದೆ ಇದ್ರೆ ಹಳೆ ಅಭ್ಯಾಸದಲ್ಲಿ ಶಿಫ್ಟ್ ಹಿಡಿದ ಕೂಡಲೇ ಆಫ್ ಆಗುತ್ತೆ, ಜನ ಇದು ಕೆಲಸ ಮಾಡಲ್ಲ ಅಂತ ಬಿಡ್ತಾರೆ.

ರಾಯಚೂರು ರಿಪೇರಿ
ಎಲ್ಲರೂ ಅಕ್ಷರದ ಮ್ಯಾಲೆ ಬಿದ್ದೀರಿ. ನಮ್ಮ ಕಡಿ ಕೀಬೋರ್ಡು ಸಾಯೋದು ಧೂಳಿಗೆ. ಅದನ್ನ ಮೊದಲು ನೋಡ್ರಿ.

ಧೂಳು ಅಂದ್ರ ಒಂದೇ ಥರ ಅಲ್ಲ. ಜಿನ್ನಿಂಗ್ ಮಿಲ್ಲಿನ ಹತ್ತಿ ನಾರು ಮೌಸಿನ ಗಾಲಿಗೆ, ಕೀಲಿಯ ಕಾಂಡಕ್ಕ ಸುತ್ತಿಕೊಂಡು ಬಿಗೀತದ. ರೈಸ್ ಮಿಲ್ಲಿನ ತವುಡಿನಾಗ ಎಣ್ಣಿ ಇರ್ತದ, ಊದಿದ್ರ ಹಾರೋದಿಲ್ಲ, ಅಂಟಿ ಕೂಡ್ತದ. ಥರ್ಮಲ್ ಕಡಿಯ ಹಾರುಬೂದಿ ಗಾಜಿನ ಗುಂಡಿನಂಥ ಸಣ್ಣ ಕಣ, ಎಲ್ಲಾ ಸಂದಿಗೂ ಇಳೀತದ.

ಅಗ್ಗದ ಮೆಂಬ್ರೇನ್ ಕೀಬೋರ್ಡಿನಾಗ ಮೂರು ಪ್ಲಾಸ್ಟಿಕ್ ಹಾಳೆ. ಮ್ಯಾಲಿಂದು, ಕೆಳಗಿಂದು ಬೆಳ್ಳಿ ಮಸಿಯ ಗೆರೆ ಇರೋವು, ನಡುವೆ ತೂತಿನ ಹಾಳೆ. ಅಂಚು ಮುಚ್ಚಿರೋದರಿಂದ ಧೂಳು ಒಳಗ ಹೋಗೋದು ಕಡಿಮಿ. ಅದು ಸಾಯೋದು ಚಹಾ, ಬೆವರಿಗೆ: ಬೆಳ್ಳಿ ಗೆರೆ ಕಪ್ಪಾಗಿ ತುಂಡಾಗ್ತದ, ಒಂದೇ ಕೀಲಿ ಅಲ್ಲ, ಒಂದು ಗುಂಪಿನ ಕೀಲಿ ಒಟ್ಟಿಗೆ ಹೋಗ್ತಾವ. ಹಂಗ ಗುಂಪಾಗಿ ಹೋದ್ರ ಗೆರೆ ಅಂತ ತಿಳೀರಿ, ಒಂದೇ ಹೋದ್ರ ರಬ್ಬರ್ ಬಟ್ಟಲು ಅಂತ ತಿಳೀರಿ. ಗೆರೆ ತುಂಡಾದಲ್ಲಿ ಕಂಡಕ್ಟಿವ್ ಪೇಂಟ್ ತೆಳ್ಳಗ ಎಳೆದು ಒಂದು ದಿನ ಒಣಗಿಸಿದ್ರ ನಡೀತದ. ಸೋಲ್ಡರ್ ಮಾಡಾಕ ಹೋಗಬ್ಯಾಡ್ರಿ, ಹಾಳೆ ಕರಗ್ತದ.

ಮೆಕಾನಿಕಲ್ ಸ್ವಿಚ್ ಮ್ಯಾಲಿಂದ ತೆರೆದಿರ್ತದ. ಧೂಳು ತಗಡಿನ ಸಂಪರ್ಕದ ನಡುವೆ ಕೂತ್ರ ಒಂದು ಒತ್ತಿಗೆ ಎರಡು ಅಕ್ಷರ ಬರ್ತಾವ. ಮುಚ್ಚಿದ ಪೆಟ್ಟಿಗೆ ಥರದ ಬಾಕ್ಸ್ ಸ್ವಿಚ್ ತಗೊಂಡ್ರ ಈ ತ್ರಾಸು ಬಹಳ ಕಡಿಮಿ.

ಕುಷ್ಟಗಿ ಕೋಡ್
ಎರಡೆರಡು ಅಕ್ಷರ ಬರೋದಕ್ಕ ಡಿಬೌನ್ಸ್, ಅಂದ್ರ ಒಂದು ಒತ್ತು ಆದ ಮ್ಯಾಲೆ ಸಂಪರ್ಕದ ಕುಣಿತ ಲೆಕ್ಕಕ್ಕ ತಗೊಳ್ಳದ ಹೊತ್ತು, ಹೆಚ್ಚಿಸಬಹುದ್ರಿ. ಕ್ಯೂಎಂಕೆಯಾಗ ಹುಟ್ಟಿನಿಂದ 5 ಮಿಲಿಸೆಕೆಂಡ್ ಇರ್ತೈತಿ, 10 ಮಾಡಿದ್ರ ಟೈಪಿಂಗಿಗೆ ಏನೂ ಗೊತ್ತಾಗೋದಿಲ್ಲ.

ರಾಯಚೂರು ರಿಪೇರಿ
ಸ್ವಲ್ಪ ದಿನ ಮುಚ್ಚಿಡ್ತದ ಅಷ್ಟೇ. ಸಂಪರ್ಕ ಹೊಲಸಾಗಿದ್ದು ಹೊಲಸೇ. ಕೀಲಿ ಟೋಪಿ ತೆಗೆದು ಬ್ರಷ್ ಹಚ್ಚಿದ ವ್ಯಾಕ್ಯೂಮಿನಿಂದ ಎಳೀರಿ, ಬ್ಲೋವರಿನಿಂದ ಊದಬ್ಯಾಡ್ರಿ, ಊದಿದ್ರ ಒಳಗೇ ಹೋಗ್ತದ. ಆಮ್ಯಾಲೆ 99 ಪರ್ಸೆಂಟ್ ಐಸೋಪ್ರೊಪೈಲ್ ಒಂದೆರಡು ಹನಿ ಹಾಕಿ ಕೀಲಿ ಹತ್ತಾರು ಸಲ ಆಡಿಸ್ರಿ. ಥಿನ್ನರ್, ಪೆಟ್ರೋಲ್ ಹಚ್ಚಲೇಬ್ಯಾಡ್ರಿ. ಥಿನ್ನರ್ ಎಬಿಎಸ್ ಪ್ಲಾಸ್ಟಿಕ್ಕನ್ನ ಕರಗಿಸ್ತದ.

ಸಂಡೂರು ಕೆಂಪು
ಈಗ ಹಾಲ್ ಎಫೆಕ್ಟ್ ಸ್ವಿಚ್ ಸಿಗ್ತಾವಲ್ಲ, ಸಂಪರ್ಕವೇ ಇಲ್ಲ, ಆಯಸ್ಕಾಂತ ಮಾತ್ರ. ಧೂಳಿನ ಚಿಂತೆನೇ ಇಲ್ಲ. ಅದನ್ನೇ ಹಾಕೋಣ.

ತೋರಣಗಲ್ಲು ಶಿಫ್ಟ್
ಎಲ್ಲಿ ಇಡ್ತೀರಿ ಅನ್ನೋದರ ಮೇಲೆ ಐತೆ ಬ್ರದರ್. ಗಂಗಾವತಿ ಮಿಲ್ಲಿಗೆ ಹಾಲ್ ಎಫೆಕ್ಟ್ ಚೊಲೋನೇ. ಸಂಡೂರಿನ ಕೆಂಪು ಅದಿರು ಹೆಮಟೈಟ್, ಆಯಸ್ಕಾಂತ ಅದನ್ನ ಅಷ್ಟಾಗಿ ಎಳಿಯೋದಿಲ್ಲ, ಅಲ್ಲೂ ನಡಿಯುತ್ತೆ. ಸ್ಪಾಂಜ್ ಐರನ್ ಕಾರ್ಖಾನೆ ಸುತ್ತ ಬೀಳೋ ಕಪ್ಪು ಪುಡಿಯ ಕಥೆ ಬೇರೆ, ಅದ್ರಾಗೆ ಇರೋದು ಲೋಹದ ಕಬ್ಬಿಣ. ಪ್ರತಿ ಕೀಲಿಯ ಕಾಂಡದಲ್ಲಿ ಒಂದು ಆಯಸ್ಕಾಂತ ಅಂದ್ರೆ ಪ್ರತಿ ಕೀಲಿನೂ ಪುಡಿ ಎಳ್ಕೊಂತೈತೆ. ಗಡ್ಡದ ಥರ ಬೆಳೆದು ಕೀಲಿ ಕರಕರ ಅನ್ನುತ್ತೆ. ಅದೇ ಪುಡಿ ತೆರೆದ ಸರ್ಕ್ಯೂಟಿನ ಮೇಲೆ ಬಿದ್ರೆ ಶಾರ್ಟ್ ಬೇರೆ. ಅಂಥ ಕಡೆ ಮುಚ್ಚಿದ ಮೆಂಬ್ರೇನ್, ಇಲ್ಲಾಂದ್ರೆ ಐಪಿ65 ಇರೋ ಸಿಲಿಕೋನ್ ರಬ್ಬರ್ ಕೀಪ್ಯಾಡ್. ಐಪಿಯಲ್ಲಿ ಮೊದಲ ಅಂಕಿ ಧೂಳಿಂದು: 5 ಅಂದ್ರೆ ಸ್ವಲ್ಪ ಹೋದ್ರೂ ಕೆಲಸ ನಿಲ್ಲಲ್ಲ, 6 ಅಂದ್ರೆ ಹೋಗೋದೇ ಇಲ್ಲ.

ಗಂಗಾವತಿ ಕೀಲಿ
ಬಹಳ ಉಪಯೋಗ ಆತು ಸರ್. ಮಿಲ್ಲಿಗೆ ಬಾಕ್ಸ್ ಸ್ವಿಚ್ ಅಂತ ಬರ್ಕೊಂಡೆ. ನಂಬರ್ ಪ್ಯಾಡ್ ಬಗ್ಗೆ ಹೇಳ್ರಿ. ಈಗಿನ ಹುಡುಗರಿಗೆ ಮೊಬೈಲ್ ರೂಢಿ, 1-2-3 ಮ್ಯಾಲೆ ಇಟ್ರ ಹೆಂಗ?

ಭತ್ತದ ಲೆಕ್ಕ, ಸಿಂಧನೂರು
ಇಡಬ್ಯಾಡ್ರಿ. ಫೋನಿನಾಗ 1-2-3 ಮ್ಯಾಲೆ ಇರೋದು 1960ರಾಗ ಬೆಲ್ ಲ್ಯಾಬ್ಸ್ ಪ್ರಕಟ ಮಾಡಿದ ಪರೀಕ್ಷೆಯಿಂದ ಬಂದದ್ದು, ಅದು ಫೋನ್ ನಂಬರ್ ಒತ್ತೋರಿಗೆ. ಕ್ಯಾಲ್ಕುಲೇಟರ್ ಎಲ್ಲಾ 7-8-9 ಮ್ಯಾಲೆ. ಮಿಲ್ಲಿನ ಗುಮಾಸ್ತರ ಟೇಬಲ್ ಮ್ಯಾಲೆ ಕೀಬೋರ್ಡಿನ ಪಕ್ಕ ಕ್ಯಾಲ್ಕುಲೇಟರ್ ಇದ್ದೇ ಇರ್ತದ. ಒಂದೇ ಕೈ ಎರಡು ಕ್ರಮದಾಗ ಆಡಿದ್ರ 7 ಹೋಗಿ 1 ಬೀಳ್ತದ. 17 ಕ್ವಿಂಟಲ್ 11 ಆದ್ರ ರೈತಗ ಯಾರು ಕೊಡ್ತಾರ? ತೂಕದಾಗ ತಪ್ಪು ಆಗಬಾರದು.

ಬ್ಯಾರೆ ತುಂಡು ಮಾಡೋದು ಮಾತ್ರ ಸರಿ. ಬಲಗೈಲೆ ಅಂಕಿ ಹೊಡಿಯೋರು ಬಲಕ್ಕೇ ಇಟ್ಕೊಂಡು ಮೌಸ್ ಎಡಕ್ಕ ಹಾಕಲಿ. ಮೌಸ್ ಎಡಗೈಗೆ ರೂಢಿ ಆಗೋದು ಸಲೀಸು, ಅಂಕಿ ಎಡಗೈಗೆ ಕಲಿಯೋದು ಕಷ್ಟ. ಸೊನ್ನೆ ಪಕ್ಕ ಎರಡು ಸೊನ್ನೆಯ ಕೀಲಿ ಒಂದು ಹಾಕ್ರಿ, ರೊಕ್ಕದ ಲೆಕ್ಕಕ್ಕ ಬೇಕೇ ಬೇಕು. ಐದರ ಮ್ಯಾಲಿನ ಉಬ್ಬು ಗೆರೆ ಮರೀಬ್ಯಾಡ್ರಿ.

ಕೌಲ್ ಬಜಾರ್
ಮೌಸ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಒಂದು ಕ್ಲಿಕ್ಕಿಗೆ ಎರಡು ಕ್ಲಿಕ್ ಆಗೋದು, ಎಳೆಯುವಾಗ ನಡುವೆ ಬಿಟ್ಟುಬಿಡೋದು ಯಾಕೆ? ಮೌಸ್ ಹೊಸದೇ ಇರುತ್ತೆ.

ರಾಯಚೂರು ರಿಪೇರಿ
ಒಳಗಿನ ಮೈಕ್ರೋಸ್ವಿಚ್. ತಾಮ್ರದ ಸಣ್ಣ ಎಲೆ ಸ್ಪ್ರಿಂಗ್ ಒಂದು ಬಿಂದುವಿಗೆ ತಾಕ್ತದ. ಅದೇ ಸ್ವಿಚ್ ಮೂಲತಃ ಹೆಚ್ಚಿನ ಕರೆಂಟಿಗೆ ಮಾಡಿದ್ದು. ಮೌಸಿನಾಗ ಹರಿಯೋದು ಬಲು ಸಣ್ಣ ಕರೆಂಟ್, ಬಿಂದುವಿನ ಮ್ಯಾಲೆ ಕೂತ ತುಕ್ಕಿನ ಪೊರೆ ಸುಡೋಕೆ ಅದಕ್ಕ ಶಕ್ತಿ ಸಾಲೋದಿಲ್ಲ. ಎಲೆ ಸಡಿಲಾದ್ರ ಕುಣೀತದ, ಕುಣಿದಾಗ ಎರಡು ಕ್ಲಿಕ್.

ಬದಲಿಸೋದು ಹಿಂಗ: ಕೆಳಗಿನ ಜಾರುಪಟ್ಟಿಗೆ ಹೇರ್ ಡ್ರೈಯರ್ ಬಿಸಿ ಹಿಡಿದು ನಿಧಾನ ಎಬ್ಬಿಸ್ರಿ, ಅದರಡಿ ಸ್ಕ್ರೂ ಇರ್ತಾವ. ಸ್ವಿಚ್ಚಿಗೆ ಮೂರು ಕಾಲು, ಒಂದೊಂದಕ್ಕೂ ಹೊಸ ಬೆಸುಗೆ ಸೀಸ ಸ್ವಲ್ಪ ಹಚ್ಚಿ ಆಮ್ಯಾಲೆ ಪಂಪಿನಿಂದ ಎಳೀರಿ. ಒಣ ಸೀಸ ಎಳದ್ರ ಬೋರ್ಡಿನ ತಾಮ್ರ ಕಿತ್ತು ಬರ್ತದ. ಹೊಸ ಸ್ವಿಚ್ಚಿನ ಗುಂಡಿ ಹಳೇದು ಇದ್ದ ಬದಿಗೇ ಇರಬೇಕು. ಎರಡೂ ಕ್ಲಿಕ್ ಸ್ವಿಚ್ ಒಟ್ಟಿಗೆ ಬದಲಿಸ್ರಿ, ಇಲ್ಲಾಂದ್ರ ಒಂದು ಗಟ್ಟಿ ಒಂದು ಮೆತ್ತಗ ಆಗ್ತದ. ಗಾಲಿಯ ಎನ್‌ಕೋಡರ್ (ಗಾಲಿ ತಿರುಗಿದ್ದನ್ನ ಎಣಿಸೋ ಭಾಗ) ಬದಲಿಸೋದಾದ್ರ ಎತ್ತರ ಅಳೀರಿ. 7, 9, 11 ಮಿ.ಮೀ. ಹಿಂಗ ಬರ್ತಾವ, ಬೋರ್ಡಿನಿಂದ ಆರು ಮೂಲಿ ತೂತಿನ ನಡುಮಟ್ಟದವರೆಗೆ ಅಳತಿ. ಎರಡು ಮಿ.ಮೀ. ತಪ್ಪಿದ್ರ ನಡುವಿನ ಕ್ಲಿಕ್ ಹತ್ತೋದಿಲ್ಲ.

ಹೊಸದಾಗಿ ಮಾಡೋದಾದ್ರ ಸ್ವಿಚ್ಚನ್ನ ಸಾಕೆಟ್ಟಿನಾಗ ಕೂಡಿಸ್ರಿ. ಸೋಲ್ಡರ್ ಇಲ್ಲದೇ ಅಂಗಡಿಯವನೇ ಬದಲಿಸಬೇಕು. ಒಂದು ಸ್ವಿಚ್ಚಿಗೆ ಇಡೀ ಮೌಸ್ ಕಸಕ್ಕ ಹೋಗೋದು ಸರಿ ಅಲ್ಲ.

ಹಳೆ ರೆಮಿಂಗ್ಟನ್
ಮೌಸಿನ ಮೊದಲ ಮಾದರಿ 1964ರದು, ಡಗ್ಲಸ್ ಎಂಗೆಲ್‌ಬಾರ್ಟ್ ಯೋಚನೆ, ಕಟ್ಟಿದ್ದು ಬಿಲ್ ಇಂಗ್ಲಿಷ್. ಕಟ್ಟಿಗೆಯ ಮೈ. 1968ರ ಡಿಸೆಂಬರ್ 9ರ ಪ್ರದರ್ಶನದಲ್ಲಿ ಅವರ ಬಲಗೈಯಲ್ಲಿ ಮೌಸು, ಎಡಗೈಯಲ್ಲಿ ಐದು ಕೀಲಿಯ ಸಣ್ಣ ಹಲಗೆ. ಹಲವು ಕೀಲಿ ಒಟ್ಟಿಗೆ ಒತ್ತಿ ಅಕ್ಷರ ಬರಿಸೋದು. ಮೌಸು ಉಳೀತು, ಆ ಹಲಗೆ ಮರೆತು ಹೋಯ್ತು. ಅದನ್ನ ಯಾರಾದ್ರೂ ಕನ್ನಡಕ್ಕೆ ಯೋಚಿಸಬೇಕು.

ಕುಷ್ಟಗಿ ಕೋಡ್
ಐದು ಕೀಲಿಗೆ 31 ಜೋಡಣೆ ಆಗ್ತಾವ ಸರ್. ಇಂಗ್ಲಿಷಿನ 26ಕ್ಕ ಸಾಕು. ನಮ್ಮ ವ್ಯಂಜನ ಒಂದೇ 34. ಹೆಬ್ಬೆರಳಿಗೆ ಇನ್ನೊಂದು ಕೀಲಿ ಕೊಟ್ಟು ಆರು ಮಾಡಿದ್ರ 63, ಆಗ 49 ಅಕ್ಷರ, ಒತ್ತು, ಸ್ಪೇಸ್ ಎಲ್ಲಾ ಹಿಡಿಸ್ತಾವ. ಕಲಿಯೋಕ ಟೈಮ್ ಹಿಡೀತೈತಿ, ಗುಮಾಸ್ತರಿಗೆ ಆಗೋ ಮಾತಲ್ಲ. ಒಂದೇ ಕೈ ಆಡೋ ಅಂಗವಿಕಲರಿಗೆ ಇದು ನಿಜಕ್ಕೂ ಬೇಕು. ಬೇರೆ ಚರ್ಚೆ ಶುರು ಮಾಡ್ರಿ, ನಾನು ಫರ್ಮ್‌ವೇರ್ ಬರೆದು ಕೊಡ್ತೀನಿ.

ಮಾನ್ವಿ ಮೊಬೈಲ್
ಇಷ್ಟೆಲ್ಲಾ ಯಾಕ್ರೀ, ಮೈಕಿನಾಗ ಮಾತಾಡಿದ್ರ ಕನ್ನಡ ತಾನೇ ಬೀಳ್ತದ.

ಭತ್ತದ ಲೆಕ್ಕ, ಸಿಂಧನೂರು
ಮಿಲ್ಲಿನ ಸಪ್ಪಳದಾಗ ನಿಂತು ಲಾರಿ ನಂಬರ್ ಹೇಳಿ ನೋಡ್ರಿ. ಮ್ಯಾಲೆ ರೈತನ ಬ್ಯಾಂಕ್ ಖಾತೆ ನಂಬರ್ ಎಲ್ಲರ ಮುಂದ ಕೂಗಿ ಹೇಳೋದು ತಪ್ಪು.

ಹೊಸಪೇಟೆ ರಸ್ತೆ
ಕೀಬೋರ್ಡಿನ ಹಿಂದಿನ ಎರಡು ಕಾಲು ಮಡಚಿ ಇಡಿ ಅಂತ ಯಾರೂ ಹೇಳಲಿಲ್ಲ. ಎತ್ತಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತೆ. ಟೇಬಲ್ 75 ಸೆಂ.ಮೀ. ಎತ್ತರ ಇರೋದು ಬರೆಯೋಕೆ, ಟೈಪಿಂಗಿಗೆ ಮೊಣಕೈ ಮಟ್ಟಕ್ಕೆ ಬರಬೇಕು, ಬಹಳ ಜನಕ್ಕೆ 65ರಿಂದ 68. ಟೇಬಲ್ ಕತ್ತರಿಸೋಕೆ ಆಗಲ್ಲ, ಕುರ್ಚಿ ಎತ್ತರಿಸಿ ಕಾಲಡಿ ಹಲಗೆ ಕೊಡಿ.

ಸಂಡೂರು ಕೆಂಪು
ತಗಡಿನ ಪ್ಲೇಟ್ ಇರೋ ಕೀಬೋರ್ಡ್ ಲ್ಯಾಪ್‌ಟಾಪಿಗೆ ಹಾಕಿದ್ರೆ ಚುರುಚುರು ಅನ್ನುತ್ತೆ. ಕೀಬೋರ್ಡ್ ಕೆಟ್ಟಿದೆಯಾ?

ತೋರಣಗಲ್ಲು ಶಿಫ್ಟ್
ಕೀಬೋರ್ಡ್ ಅಲ್ಲ, ಅರ್ಥಿಂಗ್. ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಸಣ್ಣ ಕರೆಂಟ್ ಮೈಗೆ ಬರುತ್ತೆ, ಅರ್ಥ್ ಇದ್ರೆ ಅಲ್ಲಿಗೆ ಇಳಿಯುತ್ತೆ, ಇಲ್ಲಾಂದ್ರೆ ನಿಮ್ಮ ಬೆರಳಿಗೆ. ಎರಡು ಪಿನ್ ಚಾರ್ಜರ್ ಬಿಟ್ಟು ಮೂರು ಪಿನ್ ಹಾಕಿ. ಆಮೇಲೆ ಅರ್ಥ್ ಗುಂಡಿ ನೋಡಿ. ನಮ್ಮ ಎರೆಮಣ್ಣು ಬೇಸಿಗೆಗೆ ಒಣಗಿ ಬಿರುಕು ಬಿಡುತ್ತೆ, ಕಡ್ಡಿ ಸುತ್ತ ಗಾಳಿ ನಿಲ್ಲುತ್ತೆ, ಅರ್ಥ್ ಇದ್ದೂ ಇಲ್ಲದಂಗೆ. ಗುಂಡಿಗೆ ನೀರು ಹಾಕಿಸಿ ನ್ಯೂಟ್ರಲ್-ಅರ್ಥ್ ನಡುವೆ ಮೀಟರ್ ಇಟ್ಟು ನೋಡಿ, ಒಂದೆರಡು ವೋಲ್ಟ್ ಒಳಗೆ ಇರಬೇಕು. ಫೇಸ್-ಅರ್ಥ್ ನಡುವೆಯೂ ನೋಡಿ, ಅಲ್ಲಿ ಪೂರ್ತಿ 230ರ ಆಸುಪಾಸು ಬರ್ಲಿಲ್ಲ ಅಂದ್ರೆ ಅರ್ಥ್ ತಂತಿಯೇ ಎಲ್ಲೋ ಬಿಟ್ಟಿದೆ ಅಂತ.

ಗಂಗಾವತಿ ಕೀಲಿ
ಎಲ್ಲರ ಮಾತು ಕೂಡಿಸಿ ಹಿಂಗ ಮಾಡ್ತೀನಿ. 5 ಸಾಲು, 12 ಕಂಬ, 60 ಕೀಲಿ. ಒಂದೇ ಹಲಗೆ, ಎರಡು ಕೈಯ ಭಾಗ ಸ್ವಲ್ಪ ಓರೆ ತೆರೆದಿರ್ತಾವ. ಹೆಬ್ಬೆರಳಿಗೆ ಎಡಕ್ಕ ಒನ್ ಶಾಟ್ ಶಿಫ್ಟ್ ಮತ್ತ ಬ್ಯಾಕ್‌ಸ್ಪೇಸ್, ಬಲಕ್ಕ ಸ್ಪೇಸ್ ಮತ್ತ ಎಂಟರ್. ಕ್ಯಾಪ್ಸ್ ಜಾಗಕ್ಕ ಇನ್‌ಸ್ಕ್ರಿಪ್ಟಿನ ಒತ್ವ. ಕೈಯಿಂದ ವೈರಿಂಗ್. ಮೈ ತ್ರೀಡಿ ಪ್ರಿಂಟ್. ವೈರಿಂಗ್ ಮಾಡೋರು ಹೇಳ್ರಿ.

ಕುಷ್ಟಗಿ ಕೋಡ್
ಪ್ರತಿ ಸಾಲಿಗೊಂದು, ಪ್ರತಿ ಕಂಬಕ್ಕೊಂದು ತಂತಿ, 5 ಮತ್ತ 12 ಕೂಡಿದ್ರ 17 ಪಿನ್. ಪ್ರೊ ಮೈಕ್ರೋ ಅನ್ನೋ ಸಣ್ಣ ಕಂಟ್ರೋಲರ್ ಬೋರ್ಡಿನಾಗ 18 ಸಿಗ್ತಾವ, ಸರಿಹೋಗ್ತೈತಿ. ಅದರ ಯುಎಸ್‌ಬಿ ಬಾಯಿ ಬಲು ಸೂಕ್ಷ್ಮ, ಎಳೆದ್ರ ಕಿತ್ತು ಬರ್ತೈತಿ, ಎಪಾಕ್ಸಿ ಹಚ್ಚಿ. ಎರಡು ತುಂಡು ಮಾಡದೇ ಇದ್ದದ್ದು ಚೊಲೋ ಆತು. ಎರಡು ತುಂಡು ಜೋಡಿಸೋ ಆಡಿಯೋ ಥರದ ವೈರ್ ಕರೆಂಟ್ ಇದ್ದಾಗ ಕಿತ್ರ ಶಾರ್ಟ್ ಆಗ್ತೈತಿ, ಸಾರ್ವಜನಿಕ ಜಾಗದಾಗ ಯಾರಾದ್ರೂ ಕಿತ್ತೇ ಕೀಳ್ತಾರ.

ಪ್ರತಿ ಸ್ವಿಚ್ಚಿಗೆ ಒಂದು 1ಎನ್4148 ಡಯೋಡ್. ಇಲ್ಲದಿದ್ರ ಮೂರು ಕೀಲಿ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೇದು ಹುಟ್ಟಿಕೊಳ್ತೈತಿ. ಕಪ್ಪು ಗೆರೆ ಸಾಲಿನ ತಂತಿ ಕಡೆ, ಎಲ್ಲಾ 60ಕ್ಕೂ ಒಂದೇ ದಿಕ್ಕು. ಫರ್ಮ್‌ವೇರಿನಾಗ ಕಾಲ್ ಟು ರೋ (ಕಂಬದಿಂದ ಸಾಲಿಗೆ) ಅಂತ ಬರೀರಿ. ಸೋಲ್ಡರಿಂಗ್ ಐರನ್ 350 ಡಿಗ್ರಿ, ಒಂದು ಕಾಲಿಗೆ ಎರಡು ಮೂರು ಸೆಕೆಂಡ್, ಹೆಚ್ಚಾದ್ರ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ವಾಲ್ತೈತಿ. ಬೋರ್ಡ್ ಹಚ್ಚೋ ಮೊದಲು ಮೀಟರ್ ಡಯೋಡ್ ಮೋಡಿನಾಗ ಇಡ್ರಿ, ಕೆಂಪು ಕಂಬಕ್ಕ, ಕಪ್ಪು ಸಾಲಿಗೆ, ಕೀಲಿ ಒತ್ರಿ: 0.6ರ ಆಸುಪಾಸು ತೋರಿಸಬೇಕು. ಸೊನ್ನೆ ತೋರಿಸಿದ್ರ ಡಯೋಡ್ ಶಾರ್ಟ್, ಏನೂ ತೋರಿಸದಿದ್ರ ಡಯೋಡ್ ತಿರುವು ಮುರುವು ಇಲ್ಲಾ ಬೆಸುಗೆ ಹತ್ತಿಲ್ಲ.

ಹೊಸಪೇಟೆ ರಸ್ತೆ
ಸ್ವಿಚ್ ಕೂಡಿಸೋ ಪ್ಲೇಟ್ 1.5 ಮಿ.ಮೀ. ಉಕ್ಕು, ತೂತು 14 ಮಿ.ಮೀ. ಚೌಕ. ಬೋರ್ಡ್ ಬರೆಯೋ ಅಂಗಡಿಯಲ್ಲಿ 3 ಮಿ.ಮೀ. ಅಕ್ರಿಲಿಕ್ ಕತ್ತರಿಸಿಕೊಡ್ತಾರೆ, ಅಗ್ಗ ಇರುತ್ತೆ, ಆದ್ರೆ ಸ್ವಿಚ್ಚಿನ ಕೊಕ್ಕೆ 1.5ಕ್ಕೆ ಮಾಡಿದ್ದು, 3ರಲ್ಲಿ ಹಿಡಿಯಲ್ಲ. ಟೋಪಿ ಕಿತ್ತಾಗ ಸ್ವಿಚ್ಚೇ ಮೇಲೆ ಬರುತ್ತೆ. ತ್ರೀಡಿ ಪ್ರಿಂಟಿಗೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ. 60 ಡಿಗ್ರಿ ಆಸುಪಾಸಿಗೆ ಮೆತ್ತಗಾಗುತ್ತೆ. ಮೇ ತಿಂಗಳು ಬಿಸಿಲಿಗೆ ನಿಲ್ಲಿಸಿದ ಕಾರಲ್ಲಿ ಬಿಟ್ರೆ ಬಾಗುತ್ತೆ. ಪಿಇಟಿಜಿ ತಗೊಳ್ಳಿ. ರಬ್ಬರಿನಂಥ ಮೆತ್ತನೆ ಬಣ್ಣ ಬಳಿಸಬೇಡಿ, ಸೆಕೆ, ಬೆವರಿಗೆ ಅಂಟಂಟಾಗುತ್ತೆ.

ಡಿಟಿಪಿ ಕೊಪ್ಪಳ
ಕಿನ್ನಾಳದ ಗೊಂಬಿ ಮಾಡೋ ಹಗುರ ಮರದಾಗ ಕೈ ಇಡೋ ಪಟ್ಟಿ ಮಾಡಿಸಬಹುದು. ಅಲ್ಲಿನ ಬಣ್ಣದ ಕೆಲಸಕ್ಕ ಒಂದು ಹೊಸ ದಾರಿ ಆಗ್ತೈತಿ.

ಲಿಂಗಸೂಗೂರು ಟೈಪಿಸ್ಟ್
ಚೊಲೋ ವಿಚಾರ. ಪಟ್ಟಿ ಅಂಗೈಯ ಬುಡಕ್ಕ ಬರಬೇಕು, ಮಣಿಕಟ್ಟಿಗಲ್ಲ. ಮಣಿಕಟ್ಟಿನ ಒಳಗ ನರ ಹಾಯ್ತದ, ಅದರ ಮ್ಯಾಲೆ ಭಾರ ಬೀಳಬಾರದು.

ಕೀಲಿ ಮ್ಯಾಲಿನ ಕನ್ನಡ ಅಕ್ಷರಕ್ಕ ಸ್ಟಿಕರ್ ಬ್ಯಾಡ. ಎಣ್ಣಿ ಕೈಗೆ ಅಂಚು ಎದ್ದು ಧೂಳು ಹಿಡೀತದ. ಪಿಬಿಟಿ ಪ್ಲಾಸ್ಟಿಕ್ಕಿನ ಕೀಲಿ ಟೋಪಿಯೊಳಗ ಬಣ್ಣ ಬಿಸಿಯಿಂದ ಇಳಿಸೋ ಡೈ ಸಬ್ಲಿಮೇಷನ್ ಆದ್ರ ಅಳಿಸೋದಿಲ್ಲ.

ಭತ್ತದ ಲೆಕ್ಕ, ಸಿಂಧನೂರು
ಮಿಲ್ಲಿನಾಗ ಇಟ್ಟ ಮ್ಯಾಲೆ ಇದು ಹಳೇದಕ್ಕಿಂತ ಚೊಲೋನೋ ಅಲ್ಲೋ ಅಂತ ಹೆಂಗ ಅಳೀತೀರಿ? ಬಾಯಿಮಾತಿನಾಗ ಎಲ್ಲರೂ ಚೊಲೋ ಅದ ಅಂತಾರ.

ಗಂಗಾವತಿ ಕೀಲಿ
ಒತ್ತಿದ ಕೀಲಿ ಎಲ್ಲಾ ಒಂದು ಫೈಲಿನಾಗ ಬರ್ಕೊಂಡು ನೋಡೋಣ ಅಂತ ವಿಚಾರ ಐತ್ರಿ.

ಕುಷ್ಟಗಿ ಕೋಡ್
ಅದು ಬ್ಯಾಡ. ಪಾಸ್‌ವರ್ಡ್, ಆಧಾರ್, ಖಾತೆ ನಂಬರ್ ಎಲ್ಲಾ ಆ ಫೈಲಿಗೆ ಬೀಳ್ತಾವ. ಫರ್ಮ್‌ವೇರಿನಾಗ ಮೂರೇ ಎಣಿಕೆ ಇಟ್ಟುಕೊಳ್ರಿ: ಒಟ್ಟು ಒತ್ತು, ಬ್ಯಾಕ್‌ಸ್ಪೇಸ್, ಹೆಬ್ಬೆರಳಿನ ಶಿಫ್ಟ್. ಯಾವ ಅಕ್ಷರ ಅಂತ ಎಲ್ಲೂ ಇರೋದಿಲ್ಲ. ನೂರು ಒತ್ತಿಗೆ ಬ್ಯಾಕ್‌ಸ್ಪೇಸ್ ಎಷ್ಟು ಅನ್ನೋದು ವಾರದಿಂದ ವಾರಕ್ಕ ಇಳಿದ್ರ ವಿನ್ಯಾಸ ಹತ್ತೈತಿ ಅಂತ. ಹಳೆ ಕೀಬೋರ್ಡಿಗೂ ಅದೇ ಎಣಿಕೆ ಮೊದಲು ತಗೋಬೇಕು. ಹಳೆ ಕೀಬೋರ್ಡನ್ನ ಚುಚ್ಚಿ ಅದರ ಒತ್ತು ಓದೋ ಯುಎಸ್‌ಬಿ ಹೋಸ್ಟ್ ಶೀಲ್ಡ್ ಹಚ್ಚಿದ ಇನ್ನೊಂದು ಸಣ್ಣ ಬೋರ್ಡ್ ನಡುವೆ ಇಟ್ರ ಆತು. ಎಣಿಕೆನ ಪ್ರತಿ ಒತ್ತಿಗೂ ಮೆಮೊರಿಗೆ ಬರೀಬ್ಯಾಡ್ರಿ, ಆ ಚಿಪ್ಪಿನ ಇಇಪ್ರಾಮ್ (ಕರೆಂಟ್ ಹೋದ್ರೂ ಉಳಿಯೋ ಮೆಮೊರಿ) ಲಕ್ಷ ಸಲ ಬರದ್ರ ಸವೀತೈತಿ. ಹತ್ತು ನಿಮಿಷಕ್ಕೊಮ್ಮೆ ಬರದ್ರ ಸಾಕು.

ಭತ್ತದ ಲೆಕ್ಕ, ಸಿಂಧನೂರು
ಹಂಗಾದ್ರ ಸುಗ್ಗಿ ಶುರು ಆಗೋಕಿಂತ ಮೊದಲೇ ಹಳೇ ಕೀಬೋರ್ಡಿನ ಎಣಿಕೆ ತಗೊಂಡು ಇಡ್ರಿ. ಸುಗ್ಗಿಯಾಗ ಲಾರಿ ಸಾಲು ನಿಂತಾಗ ಎಲ್ಲರ ಕೈಯೂ ತಪ್ಪತಾವ, ಆಗಿನ ಲೆಕ್ಕಕ್ಕ ಆಗಿನ ಲೆಕ್ಕನೇ ಹಚ್ಚಿ ನೋಡಬೇಕು.

ಗಂಗಾವತಿ ಕೀಲಿ
ಆತ್ರಿ. ಪ್ಲೇಟಿನ ಡ್ರಾಯಿಂಗ್ ಇಲ್ಲೇ ಹಾಕ್ತೀನಿ, ಕತ್ತರಿಸೋ ಮೊದಲು ಯಾರಾದ್ರೂ ತೂತಿನ ಅಳತಿ ಒಮ್ಮೆ ತಾಳೆ ನೋಡ್ರಿ.